ತುಕ್ಕಿನ ವ್ಯಾನು, ತಿಪಟೂರಿನ ಮೆಟಡೋರು

ಬ್ರಾಂಪ್ಟನ್‌ನ ನಮ್ಮ ಬಡಾವಣೆಯಲ್ಲಿ ಮನೆಗಳೆಲ್ಲ ಸಂಕ್ರಾಂತಿಯ ಸಕ್ಕರೆ ಅಚ್ಚಿನ ಹಾಗೆ, ಒಂದರಂತೆ ಇನ್ನೊಂದು. ಹಬ್ಬಕ್ಕೆ ಕರೆದ ಸ್ನೇಹಿತರೊಬ್ಬರು ಪಕ್ಕದ ಮನೆಗೆ ನುಗ್ಗಿ, ಅಲ್ಲಿನ ಪಂಜಾಬಿ ಅಜ್ಜಿ ಕೊಟ್ಟ ಚಹಾ ಕುಡಿದು, ಆಮೇಲೆ ನಮ್ಮ ಮನೆ ಹುಡುಕಿಕೊಂಡು ಬಂದದ್ದೂ ಉಂಟು. 2014ರ ಜೂನ್ ತಿಂಗಳಿಂದ ಆ ತಾಪತ್ರಯ ತಪ್ಪಿತು. "ಡ್ರೈವ್‌ವೇಯಲ್ಲಿ ತುಕ್ಕು ಹಿಡಿದ ವ್ಯಾನು ನಿಂತಿರುತ್ತೆ ನೋಡಿ, ಅದೇ ನಮ್ಮನೆ" ಎಂದರೆ ಸಾಕು, ಯಾರೂ ದಾರಿ ತಪ್ಪುವುದಿಲ್ಲ.

ವ್ಯಾನು ಟೋ ಟ್ರಕ್ಕಿನ ಬೆನ್ನೇರಿ ಬಂದ ದಿನ ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು. ಆಮೇಲೆ, "ಊರವರೆಲ್ಲ ಗಾಡಿ ಕೊಟ್ಟು ಗುಜರಿಯವನ ಹತ್ತಿರ ದುಡ್ಡು ಈಸಿಕೊಳ್ತಾರೆ. ನೀವು ದುಡ್ಡು ಕೊಟ್ಟು ಗುಜರಿ ತಂದಿದ್ದೀರಿ" ಎಂದಳು. ಅಷ್ಟೇ ಹೇಳಿ ಒಳಗೆ ಹೋದಳು. ಇನ್ನೂ ಒಂದೆರಡು ಮಾತು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಅದು 1971ನೇ ಇಸವಿಯ ಫೋಕ್ಸ್‌ವ್ಯಾಗನ್ ಟೈಪ್ 2. ಹಿಪ್ಪಿಗಳ ವ್ಯಾನ್ ಎಂದರೆ ಎಲ್ಲರಿಗೂ ತಕ್ಷಣ ಗೊತ್ತಾಗುತ್ತದೆ: ಮೂಗಿಲ್ಲದ ಚಪ್ಪಟೆ ಮುಖ, ಎದೆಯ ಮೇಲೆ ದೊಡ್ಡ ತಟ್ಟೆಯಷ್ಟು ಲಾಂಛನ, ಎಂಜಿನ್ ಹಿಂಭಾಗದಲ್ಲಿ. ಆರೆಂಜ್‌ವಿಲ್ ಆಚೆಯ ಒಂದು ಹೊಲದ ಕೊಟ್ಟಿಗೆಯಲ್ಲಿ ಹದಿನೆಂಟು ವರ್ಷ ಕದಲದೆ ನಿಂತಿತ್ತು. ಸೀಟಿನೊಳಗೆ ಇಲಿಗಳು ಮೂರು ತಲೆಮಾರು ಸಂಸಾರ ಮಾಡಿದ ಗುರುತುಗಳಿದ್ದವು. 2,400 ಡಾಲರಿಗೆ ಕೊಂಡೆ. ಮಾರಿದ ರೈತ ಹಣ ಎಣಿಸಿಕೊಂಡು, "ನಿನಗೆ ವೆಲ್ಡಿಂಗ್ ಬರುತ್ತದೆಯೆ?" ಎಂದು ಕೇಳಿದ. ಇಲ್ಲ ಎಂದೆ. ಆತ ನನ್ನನ್ನು ಕನಿಕರದಿಂದ ನೋಡಿ ಒಂದು ಬುಟ್ಟಿ ಸೇಬು ಕೊಟ್ಟು ಕಳಿಸಿದ.

ಐ.ಟಿ. ಕೆಲಸದ ಮನುಷ್ಯನಿಗೆ ಈ ಹುಚ್ಚು ಏಕೆ ಎಂದು ನೀವು ಕೇಳಬಹುದು. ಕಾರಣ ತಿಪಟೂರಿನಲ್ಲಿದೆ. ನಮ್ಮಪ್ಪ ಅಲ್ಲಿ ಮೆಟಡೋರ್ ಇಟ್ಟುಕೊಂಡಿದ್ದವರು. ತಿಪಟೂರು, ಚಿಕ್ಕನಾಯಕನಹಳ್ಳಿ, ಹುಳಿಯಾರು ಅವರ ಸಾಮ್ರಾಜ್ಯ. ವಾರದ ದಿನ ಜನ, ಸಂತೆಯ ದಿನ ಜನದ ಜೊತೆಗೆ ಕೊಬ್ಬರಿ ಮೂಟೆ, ಮದುವೆ ಕಾಲದಲ್ಲಿ ದಿಬ್ಬಣ. ರಜೆಯಲ್ಲಿ ನಾನೇ ಕ್ಲೀನರ್. ಬಾಗಿಲಿಗೆ ಜೋತುಬಿದ್ದು "ರೈಟ್ ರೈಟ್" ಎಂದು ಕೂಗುವುದರಲ್ಲಿ ಸಿಗುತ್ತಿದ್ದ ಸುಖ ಮುಂದೆ ಯಾವ ಪ್ರಮೋಷನ್ನಿನಲ್ಲೂ ಸಿಗಲಿಲ್ಲ. ಟೊರಾಂಟೊದಲ್ಲಿ ಮೊದಲ ಸಲ ಈ ಫೋಕ್ಸ್‌ವ್ಯಾಗನ್ ವ್ಯಾನು ಕಂಡಾಗ ಎಲ್ಲೋ ನೋಡಿದ ನೆಂಟರ ಮುಖ ಅನ್ನಿಸಿತು.

ಆಮೇಲೆ ಓದಿ ತಿಳಿದದ್ದು, ನೆಂಟಸ್ತನ ನಿಜವಾಗಿಯೂ ಇದೆ! ಹ್ಯಾಂಬರ್ಗಿನ ವಿಡಾಲ್ ಅಂಡ್ ಸೋನ್ ಎಂಬ ಕಂಪನಿ 1949ರಲ್ಲಿ ಟೆಂಪೋ ಮೆಟಡೋರ್ ಎಂಬ ಗಾಡಿ ಮಾಡಿತು. ಅದಕ್ಕೆ ಹಾಕಿದ್ದು ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಎಂಜಿನ್. ಅತ್ತ ಹಾಲೆಂಡಿನ ಬೆನ್ ಪಾನ್ ಎಂಬ ಕಾರು ವ್ಯಾಪಾರಿ 1947ರಲ್ಲಿ ಫೋಕ್ಸ್‌ವ್ಯಾಗನ್ ಕಾರ್ಖಾನೆಗೆ ಹೋದಾಗ, ಅಲ್ಲಿ ಸಾಮಾನು ಸಾಗಿಸುತ್ತಿದ್ದ ಒಂದು ಮೊಂಡು ಗಾಡಿಯನ್ನು ನೋಡಿ ತನ್ನ ಜೇಬಿನ ಪುಸ್ತಕದಲ್ಲಿ ಪೆಟ್ಟಿಗೆಯಂಥ ಒಂದು ಚಿತ್ರ ಗೀಚಿದ್ದ. 1950ರ ಮಾರ್ಚಿನಲ್ಲಿ ಆ ಪೆಟ್ಟಿಗೆಯೇ ವ್ಯಾನಾಗಿ ಕಾರ್ಖಾನೆಯಿಂದ ಹೊರಬಂತು. ತನ್ನದೇ ವ್ಯಾನು ಬಂದ ಮೇಲೆ ಪೈಪೋಟಿಯವನಿಗೆ ಎಂಜಿನ್ ಕೊಡುವವರು ಯಾರು? ಕೆಲವೇ ವರ್ಷಗಳಲ್ಲಿ ಆ ಸರಬರಾಜು ನಿಂತುಹೋಯಿತು. ಟೆಂಪೋದವರು ಬೇರೆ ಎಂಜಿನ್ ಹುಡುಕಿಕೊಂಡರು. ಮುಂದೆ 1958ರಲ್ಲಿ ಅವರ ಸಹಯೋಗದಿಂದ ನಮ್ಮಲ್ಲಿ ಬಜಾಜ್ ಟೆಂಪೋ ಶುರುವಾಯಿತು. ಮೊದಲು ಮೂರು ಚಕ್ರದ ಗಾಡಿ, ಆಮೇಲೆ ಮೆಟಡೋರ್. ಕಂಪನಿಯ ಹೆಸರು 2005ರಲ್ಲಿ ಫೋರ್ಸ್ ಮೋಟಾರ್ಸ್ ಎಂದಾದರೂ ನಮ್ಮ ಜನರ ಬಾಯಲ್ಲಿ ಸಾಮಾನು ಹೊರುವ ಸಣ್ಣ ಗಾಡಿಯೆಲ್ಲ ಇವತ್ತಿಗೂ ಟೆಂಪೋನೇ. ಒಟ್ಟಿನಲ್ಲಿ, ಮುನಿಸಿಕೊಂಡು ಬೇರೆಯಾದ ದಾಯಾದಿಗಳ ಮನೆಯ ಎರಡು ಗಾಡಿಗಳಿವು.

ನೆಂಟಸ್ತನವೇನೋ ಸರಿ. ಆದರೆ ತುಕ್ಕು! ಒಂಟಾರಿಯೋದಲ್ಲಿ ಗಾಡಿಯನ್ನು ಕೊಲ್ಲುವುದು ವಯಸ್ಸಲ್ಲ, ಉಪ್ಪು. ಹ್ಯೂರಾನ್ ಸರೋವರದ ದಂಡೆಯ ಗಾಡ್‌ರಿಚ್ ಊರಿನಲ್ಲಿ ನೀರಿನ ತಳಕ್ಕಿಂತ ಎಷ್ಟೋ ಕೆಳಗೆ, ಸುಮಾರು 550 ಮೀಟರ್ ಆಳದಲ್ಲಿ, ಜಗತ್ತಿನಲ್ಲೇ ಅತಿ ದೊಡ್ಡ ಭೂಗತ ಉಪ್ಪಿನ ಗಣಿ ಇದೆ. ಕೋಟಿಗಟ್ಟಲೆ ವರ್ಷ ಹಿಂದೆ ಆರಿಹೋದ ಸಮುದ್ರದ ಉಪ್ಪು ಅದು. ಆ ಉಪ್ಪನ್ನೇ ಚಳಿಗಾಲದಲ್ಲಿ ರಸ್ತೆಗೆ ಚೆಲ್ಲುತ್ತಾರೆ, ಹಿಮ ಕರಗುತ್ತದೆ, ನಾವೂ ಜಾರಿ ಬೀಳದೆ ಆಫೀಸು ಸೇರುತ್ತೇವೆ. ಉಪ್ಪುನೀರು ಕಬ್ಬಿಣದ ಸಂದಿಗೆ ಸೇರಿದರೆ ತುಕ್ಕಿನ ಕೆಲಸ ಹಲವು ಪಟ್ಟು ಚುರುಕಾಗುತ್ತದೆ. ಅದೂ ಹೊರಗಿನಿಂದಲ್ಲ, ಒಳಗಿನಿಂದ. ಈ ವ್ಯಾನಿನ ಬಾಗಿಲ ಕೆಳಗಿನ ಅಂಚಿನಲ್ಲಿ ತಗಡು ಮೂರು ಪದರ. ಮಧ್ಯದಲ್ಲಿ ಕೆಸರು ತುಂಬಿಕೊಂಡರೆ ಅಲ್ಲಿ ವರ್ಷವಿಡೀ ತೇವ. ಮೇಲೆ ಬಣ್ಣ ಥಳಥಳಿಸುತ್ತಿರುತ್ತದೆ, ಒಳಗೆ ಗೆದ್ದಲು ತಿಂದ ತೊಲೆಯ ಸ್ಥಿತಿ.

ಪರೀಕ್ಷೆ ಮಾಡುವ ವಿಧಾನ ಬಲು ಸರಳ. ಸ್ಕ್ರೂಡ್ರೈವರ್ ತೆಗೆದುಕೊಂಡು ಚುಚ್ಚುವುದು. ಮೊದಲ ಭಾನುವಾರ ನಾನು ಚುಚ್ಚಿದ ಕಡೆಯೆಲ್ಲ ಸ್ಕ್ರೂಡ್ರೈವರ್ ಹಿಡಿಯವರೆಗೂ ಒಳಗೆ ಹೋಯಿತು. ಮುಂದಿನ ಚಕ್ರದ ಕಮಾನು, ಬ್ಯಾಟರಿ ಕೂರುವ ತಟ್ಟೆ, ಜಾಕ್ ಹಾಕುವ ಜಾಗ, ಡ್ರೈವರ್ ಕಾಲಿಡುವ ನೆಲ, ಒಂದೂ ಬಿಟ್ಟಿರಲಿಲ್ಲ. ನೆಲದ ಪುಟ್ಟಿ ಕೆರೆದಾಗ ಕೆಳಗಿನಿಂದ ಯಾವುದೋ ಹಳೆಯ ನಾಮಫಲಕದ ತಗಡು ಹೊರಬಂತು, ಅಕ್ಷರಗಳ ಸಮೇತ! ಹಿಂದಿನ ಮಾಲೀಕನೊಬ್ಬ ತೂತಿಗೆ ಅದನ್ನೇ ರಿವೆಟ್ ಹೊಡೆದು ಮುಚ್ಚಿದ್ದ. ನನಗೆ ಅಳು ಬಂತು. ಎರಡು ವರ್ಷದ ನಂತರ ಆ ತಗಡನ್ನು ಅಪ್ಪನಿಗೆ ತೋರಿಸಿದಾಗ ಅವರ ಮುಖ ಅರಳಿತು. "ಇವನು ನಮ್ಮ ಪೈಕಿಯೋನೇ ಕಣ್ಲಾ" ಎಂದರು.

ವೆಲ್ಡಿಂಗ್ ನನಗೆ ಕೊನೆಗೂ ಬರಲಿಲ್ಲ. ಮೂರು ತಿಂಗಳು ಪ್ರಯತ್ನಿಸಿ, ಒಂದು ಜೊತೆ ಶೂಸು ಸುಟ್ಟುಕೊಂಡು, ಮಾಲ್ಟನ್ ಕಡೆಯ ಒಬ್ಬ ಗಯಾನಾದ ಯಜಮಾನರಿಗೆ ಶರಣಾದೆ. ಅವರು ಕೊಳೆತ ತಗಡು ಕತ್ತರಿಸಿ ತೆಗೆದಾಗ ವ್ಯಾನಿನ ಒಂದು ಪಕ್ಕ ಪೂರ್ತಿ ಗಾಳಿಯಲ್ಲಿ ನಿಂತಿತ್ತು. ಬಾಗದಿರಲಿ ಎಂದು ಒಳಗೆ ಅಡ್ಡಕಂಬಿಗಳನ್ನು ಬೆಸೆದಿದ್ದರು. ಹೊಸ ತಗಡುಗಳು ಇಂಗ್ಲೆಂಡಿನಿಂದ ಬಂದವು. ಈ ವ್ಯಾನಿನ ಅಭಿಮಾನಿಗಳು ಅಲ್ಲಿ ಎಷ್ಟಿದ್ದಾರೆಂದರೆ, ಜರ್ಮನಿಯಲ್ಲಿ 1979ಕ್ಕೇ ನಿಂತುಹೋದ ಮಾದರಿಗೆ ಇವತ್ತಿಗೂ ಅಲ್ಲಿ ತಗಡು ಒತ್ತುತ್ತಾರೆ. ಬ್ರೆಜಿಲ್‌ನಲ್ಲಂತೂ ಈ ವ್ಯಾನು ಸ್ವಲ್ಪ ರೂಪ ಬದಲಿಸಿಕೊಂಡು 2013ರ ಕೊನೆಯವರೆಗೂ ತಯಾರಾಗುತ್ತಿತ್ತು. ಮರುವರ್ಷದಿಂದ ಹೊಸ ಗಾಡಿಗೆಲ್ಲ ಏರ್‌ಬ್ಯಾಗ್ ಕಡ್ಡಾಯವಾಯಿತು. ಮೂಗಿಲ್ಲದ ಈ ಮುದುಕನಿಗೆ ಅದನ್ನು ಎಲ್ಲಿ ತುರುಕುವುದು?

ಇನ್ನು ಬಿಡಿಭಾಗಗಳ ಬೇಟೆ. ಇದೇ ನನ್ನ ನಿಜವಾದ ರೋಗ. ಮುಂದಿನ ಸೀಟಿನ ಹಿಂದೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ಅಲ್ಯುಮಿನಿಯಂ ಫಲಕ ಇರುತ್ತದೆ. ಅದರ ಮೇಲೆ ಸಂಖ್ಯೆಗಳ ಸಾಲು. ಅದು ಗಾಡಿಯ ಜಾತಕ! ಯಾವ ದಿನ ಹುಟ್ಟಿತು, ಮೈಬಣ್ಣ ಯಾವುದು, ಯಾವ ದೇಶಕ್ಕೆ ಹೊರಟಿತು, ಏನೇನು ವಿಶೇಷ ಅಳವಡಿಕೆ ಎಲ್ಲವೂ ಅದರಲ್ಲಿ. ಆ ಜಾತಕ ಓದುವುದು ಕಲಿತ ದಿನದಿಂದ ನಾನು ಕೆಟ್ಟೆ. ಹುಟ್ಟಿದಾಗ ಏನಿತ್ತೋ ಅದೇ ಇರಬೇಕು ಎಂಬ ಹಟ ಶುರುವಾಯಿತು. ಅದರಲ್ಲೂ 1971ರದ್ದು ತಂಟೆಯ ವರ್ಷ. ಆ ವರ್ಷ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕು ಬಂತು, ಚಕ್ರದ ಬೋಲ್ಟುಗಳ ಅಳತೆ ಬದಲಾಯಿತು, ಆದರೆ ಹಿಂದಿನ ದೀಪ ಹಳೆಯ ಸಣ್ಣದೇ ಉಳಿಯಿತು. ಮರುವರ್ಷ ದೀಪವೂ ದೊಡ್ಡದಾಯಿತು. ಆದ್ದರಿಂದ ಹಿಂದಿನವರ ಸಾಮಾನೂ ಪೂರ್ತಿ ಹೊಂದದು, ಮುಂದಿನವರದ್ದೂ ಹೊಂದದು.

ಆ ದೀಪದ ಹೊದಿಕೆಗಾಗಿ ಒಂದು ವರ್ಷಕ್ಕೂ ಹೆಚ್ಚು ಕಾಲ ಅಲೆದೆ. ತೈವಾನಿನ ನಕಲು ಹದಿನೈದು ಡಾಲರಿಗೆ ಸಿಗುತ್ತಿತ್ತು. ನನಗೆ ಮೂಲೆಯಲ್ಲಿ ಹೆಲ್ಲಾ ಎಂಬ ಜರ್ಮನ್ ಮುದ್ರೆ ಬೇಕು. 2015ರ ಸೆಪ್ಟೆಂಬರಿನಲ್ಲಿ ಬ್ಯಾರಿ ಊರಿನಾಚೆ ಬರ್ಲ್ಸ್ ಕ್ರೀಕ್‌ನಲ್ಲಿ ನಡೆದ ಹಳೇ ಗಾಡಿಗಳ ಸಂತೆಗೆ ಹೋದೆ. ಜಾತ್ರೆ ಎಂದರೆ ಜಾತ್ರೆ! ಎಕರೆಗಟ್ಟಲೆ ಬಯಲು, ಹುಲ್ಲಿನ ಮೇಲೆ ಟಾರ್ಪಾಲು ಹಾಸಿ, ಬಂಪರು, ಕಾರ್ಬ್ಯುರೇಟರು, ಸ್ಟೀರಿಂಗು, ಹೆಸರೇ ಗೊತ್ತಿಲ್ಲದ ಕಬ್ಬಿಣ. ಬೆಂಗಳೂರಿನ ಜೆ.ಸಿ. ರಸ್ತೆಯನ್ನೂ ಶಿವಾಜಿನಗರದ ಗುಜರಿಯನ್ನೂ ಒಟ್ಟಿಗೆ ಎತ್ತಿ ತಂದು ಹುಲ್ಲಿನ ಮೇಲೆ ಸುರಿದಂತೆ. ಮಧ್ಯಾಹ್ನ ಮೂರರ ಹೊತ್ತಿಗೆ, ಕಾಲು ಸೋತು ವಾಪಸು ಹೊರಟಾಗ, ಒಬ್ಬ ಮುದುಕಿಯ ಬಾಳೆಹಣ್ಣಿನ ಪೆಟ್ಟಿಗೆಯಲ್ಲಿ ಅದು ಸಿಕ್ಕಿತು. ಒಂದಲ್ಲ, ಒಂದು ಜೊತೆ. ಹೆಲ್ಲಾ ಮುದ್ರೆ ಕಂಡಾಗ ಕೈ ನಡುಗಿತು. ಆಕೆ ನಲವತ್ತು ಎಂದಳು. ಚೌಕಾಸಿ ಮಾಡದೆ ಕೊಟ್ಟೆ. ಜೀವನದಲ್ಲಿ ನಾನು ಚೌಕಾಸಿ ಮಾಡದ ದಿನ ಅದೊಂದೇ.

ಅದೇ ಸಂತೆಯಲ್ಲಿ ಇನ್ನೊಂದು ನಿಧಿಯೂ ದೊರೆಯಿತು. ಜರ್ಮನಿಯಲ್ಲೇ ತಯಾರಾದ, ಮೇಲೆ ನೂಲಿನ ಹೆಣಿಗೆ ಇರುವ ಪೆಟ್ರೋಲ್ ಪೈಪು, ಕಾರ್ಖಾನೆಯ ಪೊಟ್ಟಣದಲ್ಲಿ, ಒಮ್ಮೆಯೂ ಬಳಸದ್ದು. ಇಂಥದ್ದಕ್ಕೆ ಇಲ್ಲಿನವರು ನ್ಯೂ ಓಲ್ಡ್ ಸ್ಟಾಕ್ ಎನ್ನುತ್ತಾರೆ, ಅಂದರೆ ಹಳೆಯ ಹೊಸದು. ಅದಕ್ಕೆ ಎಷ್ಟು ಕೊಟ್ಟೆ ಎಂದು ಇಲ್ಲಿ ಬರೆಯುವುದಿಲ್ಲ. ಈ ಸಂಚಿಕೆ ನಮ್ಮ ಮನೆಗೂ ಬರುತ್ತದೆ.

2016ರ ಮೇ ತಿಂಗಳಲ್ಲಿ ಅಪ್ಪ ಬಂದರು. ಅಮ್ಮ ತೀರಿಕೊಂಡ ಮೇಲೆ ಅವರನ್ನು ಕರೆಸಿದ್ದು ಅದೇ ಮೊದಲು. ಮೊದಲ ವಾರ ಮನೆಯೊಳಗೆ ಕುಳಿತು, ಹೊರಗೆ ಒಂದು ನರಪಿಳ್ಳೆಯೂ ಓಡಾಡದ ಬೀದಿ ನೋಡಿ ಕಂಗಾಲಾಗಿದ್ದರು. ಎಂಟನೇ ದಿನ ಗ್ಯಾರೇಜಿಗೆ ಕರೆದುಕೊಂಡು ಹೋದೆ. ಕತ್ತರಿಸಿ ತೆಗೆದಿದ್ದ ಹಳೆಯ ತಗಡೊಂದನ್ನು ಕೈಗೆತ್ತಿಕೊಂಡರು. ಅದು ಪುಡಿಪುಡಿಯಾಗಿ ಉದುರಿತು.

"ಇದೇನ್ಲಾ ಮಗಾ ಇದು, ಹಪ್ಪಳ ಇದ್ದಂಗದೆ!"

"ಉಪ್ಪು ಅಪ್ಪ, ರಸ್ತೆಗೆ ಹಾಕೋದು."

"ಹಪ್ಪಳಕ್ಕೂ ಉಪ್ಪೇ ಅಲ್ವಾ ಹಾಕೋದು" ಎಂದು ಕೈ ಒರೆಸಿಕೊಂಡರು.

ತಿಪಟೂರಿನ ಕಡೆ ಅಂಥ ತುಕ್ಕು ಅವರು ಕಂಡವರೇ ಅಲ್ಲ. ಅಲ್ಲಿ ತಗಡು ಗಟ್ಟಿ, ಎಂಜಿನ್ ಸಾಯುತ್ತದೆ. ಧೂಳು, ಮಿತಿಮೀರಿದ ಹೊರೆ, ಕಲಬೆರಕೆ ಎಣ್ಣೆ, ಇವೆಲ್ಲ ಸೇರಿ ಎಂಜಿನ್ ತಿನ್ನುತ್ತವೆ. ಇಲ್ಲಿ ಎಂಜಿನ್ ನಲವತ್ತೈದು ವರ್ಷವಾದರೂ ಗುಂಡುಕಲ್ಲು, ಮೈ ಮಾತ್ರ ಹಪ್ಪಳ. ಹಾಗಾಗಿ ನಮ್ಮಿಬ್ಬರಲ್ಲಿ ಕೆಲಸ ತಾನಾಗಿ ಹಂಚಿಹೋಯಿತು. ಮೈ ನನ್ನದು, ಎಂಜಿನ್ ಅವರದು. ಎಂಜಿನ್ನನ್ನು ಹಿಂದೆ ಇಟ್ಟದ್ದು ಮಾತ್ರ ಅವರಿಗೆ ಕೊನೆಯವರೆಗೂ ಒಗ್ಗಲಿಲ್ಲ. "ಮೆಟಡೋರ್‌ನಲ್ಲಿ ಎಂಜಿನ್ ಪಕ್ಕದಲ್ಲೇ ಕೂತಿರ್ತಿತ್ತು, ಹೆಂಡ್ತಿ ಥರ. ಕೋಪ ಬಂದ್ರೆ ತಕ್ಷಣ ಗೊತ್ತಾಗೋದು. ಇದು ಹಿಂದೆ ಕೂತು ಏನು ಮಾಡ್ತದೋ ಯಾರಿಗ್ಗೊತ್ತು?" ಡಿಸ್ಟ್ರಿಬ್ಯೂಟರಿನ ಮೇಲೆ ಬಾಷ್ ಎಂಬ ಹೆಸರು ಓದಿ ಹೇಳಿದಾಗ ಮಾತ್ರ, "ಹಂಗಂದ್ರೆ ನಮ್ಮ ಮೈಕೋ ಅನ್ನು" ಎಂದು ಸಮಾಧಾನಪಟ್ಟರು. ಆಡುಗೋಡಿಯ ಮೈಕೋ ಕಾರ್ಖಾನೆಗೆ 2008ರಲ್ಲಿ ಬಾಷ್ ಎಂದು ಹೆಸರು ಬದಲಾದರೂ ಅವರ ಪಾಲಿಗೆ ಅದು ಮೈಕೋನೇ.

ಜೂನ್ ಕೊನೆಗೆ ಎಂಜಿನ್ ಕೂರಿಸಿದೆವು. ನಾನು ಬೀರುವಿನಿಂದ ಆ ಪೆಟ್ರೋಲ್ ಪೈಪಿನ ಪೊಟ್ಟಣವನ್ನು ತಾಳಿಯ ಪೆಟ್ಟಿಗೆಯಂತೆ ಎರಡೂ ಕೈಯಲ್ಲಿ ತಂದೆ. ಅಪ್ಪ ಪೊಟ್ಟಣ ಬಿಚ್ಚಿ, ಪೈಪನ್ನು ಮೂಸಿ ನೋಡಿ, ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಬಗ್ಗಿಸಿದರು. ನೂಲಿನ ಹೆಣಿಗೆಯ ಒಳಗಿನಿಂದ ಚಟ್ ಎಂಬ ಸದ್ದು. ಇನ್ನೊಮ್ಮೆ ಬಗ್ಗಿಸಿದರು. ಇನ್ನೊಂದು ಚಟ್. ಹೊರಗೆ ನೋಡಲು ಏನೂ ಆಗಿರಲಿಲ್ಲ. ಬ್ಲೇಡಿನಿಂದ ಸೀಳಿ ತೋರಿಸಿದರು. ಒಳಗಿನ ರಬ್ಬರು ಬಿಸಿಲಿಗೆ ಬಿರಿದ ಕೆರೆಯಂಗಳದಂತೆ ಸೀಳುಬಿಟ್ಟಿತ್ತು.

"ಎಷ್ಟು ವರ್ಷದ್ದು?"

"ಗಾಡಿಯ ಕಾಲದ್ದೇ ಅಪ್ಪ. ಒರಿಜಿನಲ್. ಒಮ್ಮೆಯೂ ಉಪಯೋಗಿಸಿಲ್ಲ."

"ಉಪಯೋಗ್ಸಿಲ್ಲ ಅಂತ ರಬ್ಬರ್‌ಗೆ ವಯಸ್ಸಾಗಲ್ವಾ?"

ನನ್ನ ಮುಖ ಸಪ್ಪಗಾದದ್ದು ಕಂಡು ಅವರು ದನಿ ಇಳಿಸಿದರು. ಬಿಸಿ ಎಂಜಿನ್ನಿನ ಮೇಲೆ ಹಾಯುವ ಪೈಪು ಅದು. ತೊಟ್ಟಿಕ್ಕಿದರೆ ಬೆಂಕಿಯೇ. ಈ ವ್ಯಾನುಗಳಲ್ಲಿ ಎಷ್ಟೋ ಗಾಡಿ ಹೀಗೆಯೇ ಸುಟ್ಟು ಕರಕಲಾಗಿವೆ. ಎಂಜಿನ್ನಿನ ಎರಕದಲ್ಲಿ ಮೆಗ್ನೀಸಿಯಂ ಇರುವುದರಿಂದ ಒಮ್ಮೆ ಹೊತ್ತಿದರೆ ಆರಿಸುವುದೂ ಕಷ್ಟ. ಇದರ ಮೇಲೆ ಒಂಟಾರಿಯೋದ ಪೆಟ್ರೋಲಿಗೆ 2007ರಿಂದ ಎಥನಾಲ್ ಬೆರೆಸುವುದು ಕಡ್ಡಾಯ. ಆಗ ನೂರಕ್ಕೆ 5 ಪಾಲು ಇದ್ದದ್ದು 2020ರಲ್ಲಿ 10 ಆಯಿತು, 2025ರಲ್ಲಿ 11. ಎಥನಾಲ್ ಹಳೆಯ ರಬ್ಬರನ್ನು ಮೆತ್ತಗೆ ತಿಂದುಹಾಕುತ್ತದೆ. ಇದೆಲ್ಲ ನಾನು ಓದಿದ್ದವನೇ! ಓದಿಯೂ ಪೊಟ್ಟಣದ ಮೇಲಿನ ಜರ್ಮನ್ ಅಕ್ಷರಕ್ಕೆ ಮರುಳಾಗಿದ್ದೆ. ಹಿಂದಿನ ಸೀಟಿನಲ್ಲಿ ನನ್ನ ಮಕ್ಕಳಿಬ್ಬರು ಕೂರುವವರಿದ್ದರು, ಆ ಎಂಜಿನ್ನಿಗೆ ಎರಡಡಿ ದೂರದಲ್ಲಿ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಮಾರನೆಯ ದಿನ ಅಪ್ಪನೇ ಜೊತೆಗೆ ಬಂದು ಎಥನಾಲ್ ತಡೆಯುವ ಹೊಸ ಪೈಪು ಮೀಟರ್ ಲೆಕ್ಕದಲ್ಲಿ ಕೊಡಿಸಿದರು. ಜೀವಮಾನವಿಡೀ ಹಳೆಯದನ್ನೇ ಹೊಂದಿಸಿಕೊಂಡು ಗಾಡಿ ಓಡಿಸಿದ ಮನುಷ್ಯ! ನನ್ನ ಹಳೆಯ ಪೆಟ್ರೋಲ್ ಪಂಪನ್ನು ಬಿಚ್ಚಿ, ಬರೀ ಡಯಾಫ್ರಾಮ್ ಬದಲಿಸಿ, 180 ಡಾಲರ್ ಉಳಿಸಿಕೊಟ್ಟವರೂ ಅವರೇ. "ಮಿಕ್ಕಿದ್ದೆಲ್ಲಾ ಹೆಂಗಾದ್ರೂ ಹೊಂದಿಸ್ಕೊ. ಬ್ರೇಕು, ಪೆಟ್ರೋಲು, ಇವೆರಡ್ರಲ್ಲಿ ಲೆಕ್ಕ ನೋಡ್ಬೇಡ." ಹಾಗೆಂದವರು ಸ್ವಲ್ಪ ತಡೆದು ನಕ್ಕರು: "ನೀನು ಆಡೋ ಕನ್ನಡಾನೂ ಆ ಪೊಟ್ಟಣದ್ದೇ ಕಣ್ಲಾ. ನೀನು ಊರು ಬಿಟ್ಟಾಗಿನದ್ದು. ಈಗ ತಿಪಟೂರಲ್ಲಿ ಯಾರೂ ಹಿಂಗೆ ಮಾತಾಡಲ್ಲ."

ಆಗಸ್ಟಿನಲ್ಲಿ ಸೇಫ್ಟಿ ಪರೀಕ್ಷೆ ಪಾಸಾಯಿತು. 30 ವರ್ಷ ದಾಟಿದ ಗಾಡಿಗೆ ಒಂಟಾರಿಯೋದಲ್ಲಿ ಹಿಸ್ಟಾರಿಕ್ ಎಂಬ ಬೇರೆ ನಂಬರ್ ಪ್ಲೇಟು ಸಿಗುತ್ತದೆ. ಆದರೆ ಅದನ್ನು ಹಾಕಿಕೊಂಡರೆ ಮೆರವಣಿಗೆ, ಪ್ರದರ್ಶನಗಳಿಗಷ್ಟೇ ಹೋಗಬೇಕು. ಅಪ್ಪ ಒಪ್ಪಲಿಲ್ಲ. "ಗಾಡಿ ಅಂದ್ಮೇಲೆ ಸಂತೆಗೂ ಹೋಗ್ಬೇಕು." ಸಾಧಾರಣ ಪ್ಲೇಟನ್ನೇ ಹಾಕಿಸಿದೆ.

ಮೊದಲ ಸವಾರಿ ಬ್ರಾಂಟೆ ಕ್ರೀಕ್ ಪಾರ್ಕಿನಲ್ಲಿ ನಮ್ಮ ಕನ್ನಡ ಬಳಗದ ಪಿಕ್ನಿಕ್ಕಿಗೆ. ಹಿಂದೆ ಎರಡು ದೊಡ್ಡ ಪಾತ್ರೆ, ಒಂದರಲ್ಲಿ ಬಿಸಿಬೇಳೆ ಬಾತು, ಇನ್ನೊಂದರಲ್ಲಿ ಮೊಸರನ್ನ. ಹೈವೇ ಬೇಡವೆಂದು ಸ್ಟೀಲ್ಸ್ ರಸ್ತೆ ಹಿಡಿದು ಮಿಲ್ಟನ್ ಮುಟ್ಟಿ, ದಕ್ಷಿಣಕ್ಕೆ ತಿರುಗಿ ಬ್ರಾಂಟೆ ರಸ್ತೆಗೆ ಬಂದೆವು. ಗಾಡಿ ಹಾಡಿಕೊಂಡು ಓಡುತ್ತಿತ್ತು. ಎದುರಿಗೆ ಬಂದವರೆಲ್ಲ ಕೈ ಬೀಸುತ್ತಿದ್ದರು. ಅಪ್ಪ ಪ್ರತಿಯೊಬ್ಬರಿಗೂ ಕೈಮುಗಿಯುತ್ತಿದ್ದರು. ಇನ್ನು ನಾಲ್ಕು ಕಿಲೋಮೀಟರ್ ಇದೆ ಎನ್ನುವಾಗ ನನ್ನ ಪಾದದ ಕೆಳಗೆ ಆಕ್ಸಿಲರೇಟರ್ ಪೆಡಲ್ ಸತ್ತ ಇಲಿಯಂತೆ ನೆಲಕ್ಕೆ ಬಿತ್ತು.

ಕೇಬಲ್ ತುಂಡು. ಪೆಡಲಿನಿಂದ ಹಿಂದಿನ ಎಂಜಿನ್‌ವರೆಗೆ ಗಾಡಿಯ ಉದ್ದಕ್ಕೂ ಹೋಗುವ ಒಂದೇ ಒಂದು ತಂತಿ. ಇಡೀ ಗಾಡಿಯಲ್ಲಿ ನಾನು ಬದಲಿಸದೆ ಬಿಟ್ಟಿದ್ದ ಕೆಲವೇ ಸಾಮಾನುಗಳಲ್ಲಿ ಅದೂ ಒಂದು. ಏಕೆಂದರೆ ಅದು ಒರಿಜಿನಲ್! ನಾನು ಟೋ ಟ್ರಕ್ಕಿಗೆ ಫೋನ್ ಮಾಡಲು ಹೊರಟೆ. ಅಪ್ಪ ಆಗಲೇ ಹಿಂದೆ ಹೋಗಿ ಎಂಜಿನ್ ಬಾಗಿಲು ತೆರೆದಿದ್ದರು. ರಸ್ತೆ ಬದಿಯಿಂದ ಒಂದು ಮರದ ಚಕ್ಕೆ ಆರಿಸಿ, ಉಗುರಿನಿಂದ ಕೆರೆದು ತೆಳ್ಳಗೆ ಮಾಡಿ, ಕಾರ್ಬ್ಯುರೇಟರಿನ ಸನ್ನೆಯ ಕೆಳಗೆ ಸಿಕ್ಕಿಸಿದರು. ಎಂಜಿನ್ ಸ್ವಲ್ಪ ಜೋರಾಗಿ ಉಸಿರಾಡತೊಡಗಿತು. "ಎರಡನೇ ಗೇರಲ್ಲಿ ಹೋಗು. ನಿಲ್ಲಿಸ್ಬೇಕಾದ್ರೆ ಕ್ಲಚ್ ಒತ್ತು. ಅಷ್ಟೇಯ." ಎರಡೂ ಕಡೆಯ ದೀಪ ಮಿನುಗಿಸಿಕೊಂಡು, ರಸ್ತೆಯ ಅಂಚು ಹಿಡಿದು, ಎತ್ತಿನ ಗಾಡಿಯ ಗತ್ತಿನಲ್ಲಿ ಪಾರ್ಕು ಸೇರಿದೆವು. ಮೊಸರನ್ನ ಸ್ವಲ್ಪ ಹುಳಿಯಾಗಿತ್ತು. ನೆನಪಿರುವವರು ಕ್ಷಮಿಸಿ, ಕಾರಣ ಇದು.

ಸಂಜೆ ಎಲ್ಲರೂ ಹೊರಟ ಮೇಲೆ ನಾವಿಬ್ಬರೇ ವ್ಯಾನಿನ ಬಾಗಿಲಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದೆವು. ನಾನು ಕೇಳಿದೆ, "ಮೆಟಡೋರ್ ಇದ್ದಿದ್ರೆ ಈಗ ಹಿಂಗೇ ಮಾಡಿಸಬಹುದಿತ್ತು. ಯಾಕಪ್ಪ ಮಾರಿದ್ರಿ?" ಹಳೆಯದಾಯಿತು, ಅದಕ್ಕೇ ಮಾರಿದರು ಎಂದೇ ನಾನು ತಿಳಿದಿದ್ದೆ.

"ಹಳೇದೇನು, ಓಡೋದು. ನಿಂಗೆ ಕೆನಡಾದೋರು ಅಷ್ಟು ದುಡ್ಡು ಅಕೌಂಟಲ್ಲಿ ತೋರಿಸು ಅಂದ್ರಲ್ಲ."

ಹೊಸದಾಗಿ ಬರುವವರು ತೋರಿಸಬೇಕಾದ ಆ ಹಣ ನಮ್ಮಲ್ಲಿ ಬಹಳ ಮಂದಿಗೆ ನೆನಪಿರುತ್ತದೆ. 2000ನೇ ಇಸವಿಯಲ್ಲಿ ಪಿಯರ್ಸನ್ ವಿಮಾನ ನಿಲ್ದಾಣದ ಕೌಂಟರಿನಲ್ಲಿ ನಾನು ಬ್ಯಾಂಕಿನ ಡ್ರಾಫ್ಟನ್ನು ಎದೆಯುಬ್ಬಿಸಿ ಚಾಚಿದ್ದೆ. ಸಾಲ, ತೋಟದ ಕೊಬ್ಬರಿ, ಅಮ್ಮನ ಬಳೆ ಎಲ್ಲವೂ ಅದರಲ್ಲಿದ್ದದ್ದು ಗೊತ್ತಿತ್ತು. ಮೆಟಡೋರೂ ಇತ್ತೆಂದು ಗೊತ್ತಿರಲಿಲ್ಲ.

"ಯಾರಿಗೆ ಕೊಟ್ರಿ?"

"ಮೈ ಗುಜರಿಗೆ ಹೋಯ್ತು. ಎಂಜಿನ್ ಹುಳಿಯಾರ್ ಕಡೆ ಯಾವುದೋ ತೋಟದಲ್ಲಿ ನೀರೆತ್ತತಾ ಇತ್ತಂತೆ" ಎಂದು ಎದ್ದು, ಸಿಕ್ಕಿಸಿದ್ದ ಚಕ್ಕೆ ಭದ್ರವಾಗಿದೆಯೇ ಎಂದು ಬಗ್ಗಿ ನೋಡಿದರು.

ಹೊಸ ಕೇಬಲ್ ಇಪ್ಪತ್ತು ಡಾಲರ್. ಯಾವ ದೇಶದ್ದೆಂದು ನಾನು ನೋಡಲಿಲ್ಲ. ಆ ಮರದ ಚಕ್ಕೆ ಮಾತ್ರ ವ್ಯಾನಿನ ಡಬ್ಬಿಯಲ್ಲಿ, ಜಾತಕದ ಪ್ರತಿಯ ಜೊತೆಗಿದೆ. ಹೆಲ್ಲಾ ದೀಪಗಳು ಹಿಂದೆ ಉರಿಯುತ್ತಲೇ ಇವೆ. ಅದೊಂದು ಹುಚ್ಚನ್ನು ನಾನು ಬಿಟ್ಟಿಲ್ಲ.

ಅಪ್ಪನಿಗೆ ಈಗ ಎಂಬತ್ತು ದಾಟಿದೆ. ಮತ್ತೆ ವಿಮಾನ ಹತ್ತುವ ಶಕ್ತಿ ಇಲ್ಲ. ಹಿಮ ಬೀಳುವ ಮುಂಚೆ ವ್ಯಾನು ಗ್ಯಾರೇಜು ಸೇರುತ್ತದೆ, ವಸಂತದ ಎರಡು ಮೂರು ಮಳೆ ರಸ್ತೆಯ ಉಪ್ಪು ತೊಳೆಯುವವರೆಗೂ ಹೊರಬರುವುದಿಲ್ಲ. ಕಳೆದ ಚಳಿಗಾಲದ ಒಂದು ಶನಿವಾರ ರಾತ್ರಿ ಅವರಿಗೆ ಕರೆ ಮಾಡಿದಾಗ ತಿಪಟೂರಿನಲ್ಲಿ ಬೆಳಗಾಗಿತ್ತು. "ಚಾಲೂ ಮಾಡು, ಕೇಳ್ತೀನಿ" ಎಂದರು. ಗ್ಯಾರೇಜಿನ ಬಾಗಿಲೆತ್ತಿ, ಚಾಲೂ ಮಾಡಿ, ಫೋನನ್ನು ಎಂಜಿನ್ನಿನ ಹತ್ತಿರ ಹಿಡಿದೆ. ಮೈನಸ್ ಹನ್ನೆರಡರ ಚಳಿ. ಬೆರಳು ಮರಗಟ್ಟುವವರೆಗೂ ಅವರು ಮಾತಾಡಲಿಲ್ಲ.

"ವಾಲ್ವ್ ಯಾವಾಗ ನೋಡ್ದೆ?"

"ಯಾಕಪ್ಪ, ಸದ್ದು ಬರ್ತಿದೆಯಾ?"

"ಬರ್ತಿಲ್ಲ. ಅದಕ್ಕೇ ಕೇಳ್ದೆ. ಟಿಕಟಿಕ ಅನ್ಬೇಕು ಅದು. ಬಿಗಿಯಾಗಿದೆ. ಹಂಗೇ ಓಡಿಸಿದ್ರೆ ವಾಲ್ವ್ ಸುಟ್ಟೋಗ್ತದೆ."

ಫೀಲರ್ ಗೇಜ್ ತರುತ್ತೇನೆ ಎಂದೆ.

"ಈಗ ಬೇಡ ಕಣ್ಲಾ, ಬಿಸಿಯಾಗಿದೆ. ಆಫ್ ಮಾಡಿ ಮಲ್ಕೊ. ಬೆಳಿಗ್ಗೆ ತಣ್ಣಗಾದ್ಮೇಲೆ ನೋಡು. ನಾನಿಲ್ಲಿ ಎಚ್ಚರವಾಗೇ ಇರ್ತೀನಿ, ಫೋನ್ ಮಾಡು."